ಮುದ್ರಾವಿವೇಕ: ವಾಣಿಜ್ಯಲೇಖಗಳ ಸುರಕ್ಷಿತ ರವಾನೆಯ ವಿಚಾರ

ವಾಣಿಜ್ಯವು ಸರಕಿನ ಸಾಗಣೆಯಿಂದ ನಡೆಯುವಂತೆಯೇ ಲೇಖದ ಸಾಗಣೆಯಿಂದಲೂ ನಡೆಯುತ್ತದೆ. ಆದರೆ ಇವೆರಡಕ್ಕೂ ಒಂದು ಭೇದವುಂಟು. ಸರಕು ಕಳುವಾದರೆ ಒಡೆಯನಿಗೆ ತಿಳಿಯುತ್ತದೆ. ಲೇಖವಾದರೋ ಕಳುವಾದ ಮೇಲೂ ಒಡೆಯನ ಪೆಟ್ಟಿಗೆಯಲ್ಲಿ ಇದ್ದಂತೆಯೇ ಇರುತ್ತದೆ. ಆದಕಾರಣ ಲೇಖರಕ್ಷಣೆಯು ಧನರಕ್ಷಣೆಗಿಂತ ಕಠಿನವಾದುದು. ಗಣಕಯಂತ್ರದ ಮೂಲಕ ಕಡತಗಳನ್ನು ಕಳಿಸುವ ಇಂದಿನ ವರ್ತಕರಿಗೆ ಒದಗಿರುವ ತೊಡಕು ಯಾವುದೆಂಬುದನ್ನು ನಮ್ಮ ಗ್ರಂಥಗಳಲ್ಲಿ ಪರಿಚಿತವಾದ ಮುದ್ರೆಯ ವಿಚಾರದಿಂದ ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ಮೊದಲು ಬೀಗಕ್ಕೂ ಮುದ್ರೆಗೂ ಇರುವ ಭೇದವನ್ನು ಗ್ರಹಿಸಬೇಕು. ಅನ್ಯರು ಓದಬಾರದೆಂಬುದು ಬೀಗದ ಪ್ರಯೋಜನ. ಇದನ್ನು ಕಳಿಸಿದವನು ಇಂಥವನೇ, ನಡುದಾರಿಯಲ್ಲಿ ಇದು ಕೆಟ್ಟಿಲ್ಲ ಎಂದು ತೋರಿಸುವುದು ಮುದ್ರೆಯ ಪ್ರಯೋಜನ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದ್ದಂತಾಗಲಿಲ್ಲ. ಆರ್. ಶಾಮಾಶಾಸ್ತ್ರಿಗಳು ಮೈಸೂರಿನ ಪ್ರಾಚ್ಯಕೋಶಾಗಾರದ ತಾಳೆಯೋಲೆಯ ಪ್ರತಿಯಿಂದ ೧೯೦೯ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷಪ್ರಕರಣವಿದೆ. ಅಲ್ಲಿ ವರ್ತಕರ ಸರಕಿನ ಮುದ್ರೆಗೆ ಸಂಬಂಧಪಟ್ಟ ಮೂರು ದೋಷಗಳನ್ನು ಬೇರೆ ಬೇರೆಯಾಗಿ ಎಣಿಸಲಾಗಿದೆ. ಮುದ್ರೆಯಿಲ್ಲದ ಸರಕಿಗೆ ಇಮ್ಮಡಿ ಸುಂಕ. ಕಳ್ಳಮುದ್ರೆಗೆ ಎಂಟುಮಡಿ ದಂಡ. ಒಡೆದ ಮುದ್ರೆಗೆ ಸುಂಕದ ಕಟ್ಟೆಯಲ್ಲಿಯೇ ತಡೆ. ಅಭಾವ, ಕೃತ್ರಿಮ, ಭಂಗ ಎಂಬ ಈ ವಿಭಾಗವು ಇಂದಿಗೂ ಅನ್ವಯಿಸತಕ್ಕದ್ದಾಗಿದೆ.

ಶಾಸನಾಭ್ಯಾಸಿಗಳಿಗೆ ಇದು ಹೊಸ ಮಾತಲ್ಲ. ತಾಮ್ರಪಟಗಳನ್ನು ಬಳೆಯಲ್ಲಿ ಪೋಣಿಸಿ, ಬಳೆಯ ಎರಡು ತುದಿಗಳನ್ನೂ ಮುದ್ರೆಯಲ್ಲಿ ಬೆಸೆಯುತ್ತಿದ್ದರು. ಬಾದಾಮಿಯ ಚಾಲುಕ್ಯರ ವರಾಹಮುದ್ರೆಯೂ ಗಂಗರ ಗಜಮುದ್ರೆಯೂ ದಾನ ಕೊಟ್ಟವರನ್ನು ಸೂಚಿಸಿದರೆ, ಅಖಂಡವಾದ ಬಳೆಯು ನಡುವೆ ಹಲಗೆಯೊಂದು ಸೇರಿಲ್ಲ, ಹೋಗಿಲ್ಲ ಎಂಬುದನ್ನು ಸಾರುತ್ತಿತ್ತು. ಪಟಗಳು ಕೈಗೆ ಬಂದಾಗ ಬಳೆಯು ಕತ್ತರಿಸಿತ್ತೇ ಇಲ್ಲವೇ ಎಂದು ಸಂಪಾದಕರು ತಪ್ಪದೆ ನಮೂದಿಸುವುದು ಈ ಕಾರಣದಿಂದಲೇ.

ಇನ್ನು ಗಣಕದ ವಿಧಾನವನ್ನು ನೋಡೋಣ. ೧೯೭೬ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬವರು ಜೋಡಿ ಕೀಲಿಯ ತತ್ತ್ವವನ್ನು ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಅದಕ್ಕೆ ತಕ್ಕ ಗಣಿತವನ್ನು ಒದಗಿಸಿದರು. ಪ್ರತಿಯೊಬ್ಬನಿಗೂ ಎರಡು ಕೀಲಿಗಳು: ಒಂದು ಬಹಿರಂಗ, ಇನ್ನೊಂದು ರಹಸ್ಯ. ಕಳಿಸತಕ್ಕ ಕಡತದಿಂದ ಮೊದಲು ಅದರ ಸಾರಸಂಖ್ಯೆಯೊಂದನ್ನು ತೆಗೆಯುತ್ತಾರೆ. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಈ ಸಂಖ್ಯೆಯು ಸಂಪೂರ್ಣವಾಗಿ ಬೇರೆಯಾಗುತ್ತದೆ. ಅಖಂಡವಾದ ಬಳೆಯ ಕೆಲಸವನ್ನು ಇದು ಮಾಡುತ್ತದೆ. ಆ ಸಂಖ್ಯೆಗೆ ಕಳಿಸುವವನು ತನ್ನ ರಹಸ್ಯಕೀಲಿಯಿಂದ ಮುದ್ರೆಯೊತ್ತುತ್ತಾನೆ. ಅವನ ಬಹಿರಂಗಕೀಲಿಯನ್ನು ಬಲ್ಲ ಯಾರೇ ಆಗಲಿ ಅದನ್ನು ಪರೀಕ್ಷಿಸಬಹುದು. ಬೀಗದ ಕ್ರಮವು ಇದಕ್ಕೆ ವಿಪರೀತ. ಕಡತವನ್ನು ಒಂದೇ ಸಲಕ್ಕೆಂದು ಹುಟ್ಟಿಸಿದ ಕೀಲಿಯಿಂದ ಮುಚ್ಚಿ, ಆ ಕೀಲಿಯನ್ನು ಪಡೆಯುವವನ ಬಹಿರಂಗಕೀಲಿಯಿಂದ ಮುಚ್ಚುತ್ತಾರೆ. ಅದನ್ನು ತೆರೆಯಬಲ್ಲದ್ದು ಪಡೆಯುವವನ ರಹಸ್ಯಕೀಲಿಯೊಂದೇ. ಪ್ರಾಚೀನರಿಗೆ ಈ ಗಣಿತವು ತಿಳಿದಿತ್ತೆಂದು ಹೇಳುವುದು ಸಾಹಸವಾದೀತು. ಪ್ರಯೋಜನದಲ್ಲಿ ಸಾಮ್ಯವಿದೆಯೆಂದಷ್ಟೇ ಇಲ್ಲಿ ಹೇಳತಕ್ಕದ್ದು.

ಇಂಥ ದೃಢವಾದ ಬೀಗಮುದ್ರೆಗಳಿರುವಾಗ ಭಯವೆಲ್ಲಿಯದು ಎಂದು ಯಾರಾದರೂ ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವನ್ನು ವಿಶಾಖದತ್ತನ ಮುದ್ರಾರಾಕ್ಷಸ ನಾಟಕದಲ್ಲಿ ಕಾಣಬಹುದು. ೧೮೨೩ರಲ್ಲಿ ಕೆಂಪುನಾರಾಯಣನು ಮುದ್ರಾಮಂಜೂಷವೆಂಬ ಹೆಸರಿನಿಂದ ಕನ್ನಡ ಗದ್ಯಕ್ಕೆ ತಂದ ಕಥೆಯೂ ಇದೇ. ನಾಟಕದಲ್ಲಿ ಅಮಾತ್ಯ ರಾಕ್ಷಸನು ತನ್ನ ಸಂಸಾರವನ್ನು ಗೆಳೆಯನಾದ ಚಂದನದಾಸನ ಮನೆಯಲ್ಲಿರಿಸಿ ಹೋಗಿರುತ್ತಾನೆ. ಹೊರಗೋಡಿದ ಮಗುವನ್ನು ತಡೆಯುವಾಗ ರಾಕ್ಷಸನ ಹೆಂಡತಿಯ ಬೆರಳಿನಿಂದ ಮುದ್ರೆಯುಂಗುರವು ಜಾರಿ ಗೂಢಚಾರನ ಕಾಲಬಳಿಗೆ ಉರುಳುತ್ತದೆ. ಚಾಣಕ್ಯನು ರಾಕ್ಷಸನ ಆಪ್ತನಾದ ಶಕಟದಾಸನ ಕೈಯಿಂದಲೇ, ಅವನಿಗೆ ಮರ್ಮ ತಿಳಿಯದಂತೆ ಪತ್ರವೊಂದನ್ನು ಬರೆಸಿ, ಆ ಉಂಗುರದಿಂದ ಮುದ್ರೆಯೊತ್ತಿಸುತ್ತಾನೆ. ಮುಂದೆ ಮಲಯಕೇತುವು ಮುದ್ರೆಯನ್ನೂ ಕೈಬರಹವನ್ನೂ ಒರೆಹಚ್ಚಿ ನೋಡುತ್ತಾನೆ. ಮುದ್ರೆ ನಿಜ, ಅಕ್ಷರ ನಿಜ, ಪತ್ರ ಮಾತ್ರ ಸುಳ್ಳು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಉಂಗುರವು ದ್ರೋಹದಿಂದ ಹೋಗಲಿಲ್ಲ, ನಂಬಿಕಸ್ಥರ ಮನೆಯಲ್ಲಿಯೇ ಅಜಾಗ್ರತೆಯಿಂದ ಜಾರಿತು. ಎರಡನೆಯದಾಗಿ, ಆ ಉಂಗುರವು ದ್ವಿತೀಯಾಂಕದಲ್ಲಿ ರಾಕ್ಷಸನಿಗೆ ಮರಳಿ ದೊರೆಯುತ್ತದೆ. ಕಳೆದುಹೋಗಿದ್ದ ಕಾಲದಲ್ಲಿ ಅದರಿಂದ ಏನೇನು ಅಂಕಿತವಾಯಿತೆಂದು ಅವನು ಶೋಧಿಸುವುದಿಲ್ಲ. ಹಳೆಯ ಮುದ್ರೆಯನ್ನು ರದ್ದುಪಡಿಸುವುದೂ ಇಲ್ಲ. ಅದೇ ಉಂಗುರವನ್ನು ಮತ್ತೆ ಬಳಕೆಗೆ ಕೊಡುತ್ತಾನೆ. ಅವನ ಪತನಕ್ಕೆ ಬೀಜವು ಉಂಗುರದ ನಷ್ಟದಲ್ಲಿರುವಷ್ಟೇ ಈ ಅನವಧಾನದಲ್ಲಿಯೂ ಇದೆ.

ಇದನ್ನು ಇಂದಿನ ವ್ಯವಹಾರಕ್ಕೆ ಅನ್ವಯಿಸಿ ನೋಡಬೇಕು. ಧಾರವಾಡದ ಮಾಳಮಡ್ಡಿಯ ವರ್ತಕನೊಬ್ಬನು ತನ್ನ ಸಂಸ್ಥೆಯ ತೆರಿಗೆಪತ್ರಗಳನ್ನು ಹುಬ್ಬಳ್ಳಿಯ ಲೆಕ್ಕಿಗನ ಮೂಲಕ ಸಲ್ಲಿಸುವನೆಂದು ಕಲ್ಪಿಸಿಕೊಳ್ಳೋಣ. ವರ್ತಕನ ರಹಸ್ಯಕೀಲಿಯು ಬೆರಳುದ್ದದ ಟೋಕನ್ನಿನಲ್ಲಿ ಅಡಗಿರುತ್ತದೆ. ಪದೇ ಪದೇ ಹೋಗಿಬರುವ ಶ್ರಮವೇಕೆಂದು ಅವನು ಟೋಕನ್ನನ್ನೂ ಅದರ ಗುಪ್ತಪದವನ್ನೂ ಲೆಕ್ಕಿಗನ ಮೇಜಿನಲ್ಲಿಯೇ ಬಿಟ್ಟರೆ, ಅದು ಚಂದನದಾಸನ ಮನೆಯಲ್ಲಿ ಉಂಗುರವನ್ನಿಟ್ಟಂತೆಯೇ ಸರಿ. ಲೆಕ್ಕಿಗನು ಸಜ್ಜನನೇ ಇರಬಹುದು. ಆದರೆ ಅವನ ಕಚೇರಿಗೆ ಬಂದುಹೋಗುವವರೆಲ್ಲರಿಗೂ ಅವನ ಸೌಜನ್ಯವು ಹೊಣೆಯಾಗಲಾರದು. ಬೀಗ ಹಾಕಿದ ಕಡತವನ್ನೂ ಅದರ ಗುಪ್ತಪದವನ್ನೂ ಒಂದೇ ಪತ್ರದಲ್ಲಿ ಕಳಿಸುವುದು ಇದೇ ಜಾತಿಯ ದೋಷ. ಕಡತವು ಒಂದು ದಾರಿಯಿಂದ ಹೋದರೆ ಗುಪ್ತಪದವು ಬೇರೊಂದು ದಾರಿಯಿಂದ ಹೋಗಬೇಕು.

ದೊಡ್ಡ ಸಂಸ್ಥೆಗಳೂ ಈ ನಿಯಮಕ್ಕೆ ಹೊರತಲ್ಲ. ೨೦೨೩ರಲ್ಲಿ ಮೂವ್‌ಇಟ್ ಎಂಬ ಕಡತರವಾನೆಯ ತಂತ್ರಾಂಶದಲ್ಲಿದ್ದ ಬಿರುಕಿನಿಂದ ಜಗತ್ತಿನ ಎರಡು ಸಾವಿರಕ್ಕೂ ಮಿಕ್ಕ ಸಂಸ್ಥೆಗಳ ದತ್ತಾಂಶವು ಕಳುವಾಯಿತು. ದಾರಿಯಲ್ಲಿ ಬೀಗವನ್ನು ಯಾರೂ ಮುರಿಯಲಿಲ್ಲ. ಕಡತಗಳನ್ನು ಇಳಿಸಿಟ್ಟ ಉಗ್ರಾಣಕ್ಕೇ ಕನ್ನ ಬಿದ್ದಿತು. ಕೆಲಸ ತೀರಿದ ಕಡತವನ್ನು ಉಗ್ರಾಣದಿಂದ ತೆಗೆದುಹಾಕುವುದೂ ರಕ್ಷಣೆಯ ಒಂದು ಅಂಗವೆಂಬುದು ಇದರಿಂದ ಸಿದ್ಧವಾಗುತ್ತದೆ.

ಭಾರತದ ಮಾಹಿತಿ ತಂತ್ರಜ್ಞಾನ ಅಧಿನಿಯಮವು (೨೦೦೦) ಈ ವಿವೇಕವನ್ನೇ ವಿಧಿಯನ್ನಾಗಿ ಮಾಡಿದೆ. ಅದರ ೫ನೆಯ ಕಲಮು ಗಣಕಮುದ್ರೆಗೆ ಮಾನ್ಯತೆಯನ್ನು ಕೊಡುತ್ತದೆ. ರಹಸ್ಯಕೀಲಿಯನ್ನು ತಕ್ಕ ಎಚ್ಚರದಿಂದ ತನ್ನ ವಶದಲ್ಲಿಟ್ಟುಕೊಳ್ಳುವುದು ಮುದ್ರಾಧಾರಿಯ ಕರ್ತವ್ಯವೆಂದೂ, ಕೀಲಿಯು ಪರರ ಪಾಲಾದರೆ ಪ್ರಮಾಣಪತ್ರ ಕೊಟ್ಟ ಅಧಿಕಾರಿಗೆ ತಡವಿಲ್ಲದೆ ತಿಳಿಸತಕ್ಕದ್ದೆಂದೂ ೪೨ನೆಯ ಕಲಮು ಹೇಳುತ್ತದೆ. ಹಾಗೆ ತಿಳಿಸುವವರೆಗೆ ಹೊಣೆ ಮುದ್ರಾಧಾರಿಯದೇ. ರಾಕ್ಷಸನು ಮಾಡದೆ ಬಿಟ್ಟದ್ದು ಇದನ್ನೇ.

ಆದುದರಿಂದ ಗಣಿತವು ಮುದ್ರೆಯ ಆಕಾರವನ್ನು ಮಾತ್ರ ಕಾಯಬಲ್ಲುದು. ಉಂಗುರವು ಯಾರ ಬೆರಳಿನಲ್ಲಿದೆ ಎಂಬುದನ್ನು ಅದು ಅರಿಯದು. ಅದನ್ನು ಅರಿತಿರಬೇಕಾದವನು ಉಂಗುರದ ಒಡೆಯನೇ.