ಖಾಲಿ ಮನೆಗಳು ಕಟ್ಟಿದ ಕೋಷ್ಟಕ

ಶಾಲೆಯ ಪ್ರಯೋಗಾಲಯದ ಗೋಡೆಯ ಮೇಲೆ ತೂಗುವ ಆವರ್ತ ಕೋಷ್ಟಕದಲ್ಲಿ ಇಂದು 118 ಧಾತುಗಳಿವೆ. 2016ರಲ್ಲಿ ನಿಹೋನಿಯಂ, ಮಾಸ್ಕೋವಿಯಂ, ಟೆನ್ನೆಸ್ಸೀನ್, ಒಗನೆಸ್ಸಾನ್ ಎಂಬ ನಾಲ್ಕು ಹೆಸರುಗಳು ಅಧಿಕೃತವಾದ ಮೇಲೆ ಏಳನೆಯ ಸಾಲಿನಲ್ಲೂ ಖಾಲಿ ಮನೆ ಉಳಿಯಲಿಲ್ಲ. ಹೀಗೆ ತುಂಬಿ ನಿಂತ ಪಟವನ್ನು ನೋಡುವ ಮಕ್ಕಳಿಗೆ, ಯಾರೋ ಒಬ್ಬ ಮೇಧಾವಿ ಇದ್ದಬದ್ದ ಧಾತುಗಳನ್ನೆಲ್ಲ ಕೂಡಿಹಾಕಿ ಸಾಲಾಗಿ ಜೋಡಿಸಿಬಿಟ್ಟ ಎನ್ನಿಸಿದರೆ ಆಶ್ಚರ್ಯವಿಲ್ಲ. ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವನಿಗೆ ಅದು ಕನಸಿನಲ್ಲಿ ಕಂಡಿತೆಂಬ ಕಥೆಯೂ ಪ್ರಚಾರದಲ್ಲಿದೆ. ಕೋಷ್ಟಕ ಬೆಳೆದುಬಂದ ದಾರಿಯನ್ನು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಧಾತುಗಳನ್ನು ಜೋಡಿಸಲು ಹೊರಟವರು ಹಲವರಿದ್ದರು. ಅವರಲ್ಲಿ ಗೆದ್ದವನು, ತನಗೆ ಗೊತ್ತಿಲ್ಲದ್ದಕ್ಕೂ ಜಾಗ ಬಿಟ್ಟು, ಆ ಜಾಗದಲ್ಲಿ ಏನು ಸಿಗಬೇಕೆಂದು ಮೊದಲೇ ಬರೆದಿಟ್ಟವನು. ಆವರ್ತ ಕೋಷ್ಟಕಕ್ಕೆ ನಿಯಮದ ಬಲ ಬಂದದ್ದು ಅದರ ಖಾಲಿ ಮನೆಗಳಿಂದ ಎಂಬುದು ಈ ಲೇಖನದ ವಾದ.

1789ರಲ್ಲಿ ಫ್ರಾನ್ಸಿನ ಲವಾಸಿಯೇ 33 ಸರಳ ವಸ್ತುಗಳ ಪಟ್ಟಿ ಕೊಟ್ಟಾಗ ಅದರಲ್ಲಿ ಬೆಳಕು, ಶಾಖಗಳೂ ಸೇರಿದ್ದವು. 1829ರಲ್ಲಿ ಜರ್ಮನಿಯ ಡೋಬರೈನರ್ ಧಾತುಗಳಲ್ಲಿ ತ್ರಿವಳಿಗಳನ್ನು ಗುರುತಿಸಿದ. ಲಿಥಿಯಂನ ತೂಕ 7, ಪೊಟ್ಯಾಸಿಯಂನದು 39; ನಡುವಿನ ಸೋಡಿಯಂನದು ಸರಿಯಾಗಿ ಅವೆರಡರ ಸರಾಸರಿ, 23. ತೂಕಕ್ಕೂ ಗುಣಕ್ಕೂ ಏನೋ ನಂಟಿದೆ ಎಂಬ ಸುಳಿವು ಅಲ್ಲಿಯೇ ಸಿಕ್ಕಿತ್ತು. ಆದರೆ ಆ ಕಾಲದಲ್ಲಿ ಪರಮಾಣು ತೂಕಗಳ ಬಗ್ಗೆಯೇ ಒಮ್ಮತವಿರಲಿಲ್ಲ; ಆಕ್ಸಿಜನ್ನಿಗೆ ಕೆಲವರು 8 ಎಂದರೆ ಕೆಲವರು 16 ಎನ್ನುತ್ತಿದ್ದರು. 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನಶಾಸ್ತ್ರಜ್ಞರ ಸಮ್ಮೇಳನ ನಡೆದಾಗ ಇಟಲಿಯ ಕನಿಜ್ಜಾರೊ ಈ ಗೊಂದಲ ಕಳೆಯುವ ದಾರಿ ತೋರಿದ. ಅಲ್ಲಿಗೆ ಬಂದಿದ್ದ ಯುವಕರಲ್ಲಿ ರಷ್ಯಾದ ಡಿಮಿಟ್ರಿ ಮೆಂಡಲೀವನೂ ಜರ್ಮನಿಯ ಲೋಥರ್ ಮೇಯರನೂ ಇದ್ದರು. ಭರವಸೆಯ ತೂಕಗಳು ಕೈಗೆ ಬಂದ ಹತ್ತೇ ವರ್ಷಗಳಲ್ಲಿ ಫ್ರಾನ್ಸ್, ಇಂಗ್ಲೆಂಡ್, ಜರ್ಮನಿ, ರಷ್ಯಾಗಳಲ್ಲಿ ಒಂದರ ಹಿಂದೊಂದು ಕೋಷ್ಟಕ ಹುಟ್ಟಿಕೊಂಡವು.

ಅವುಗಳಲ್ಲಿ ಲಂಡನ್ನಿನ ನ್ಯೂಲ್ಯಾಂಡ್ಸ್‌ನದು ನನ್ನ ವಾದಕ್ಕೆ ಬೇಕಾದ ಸಾಕ್ಷಿ. ತೂಕದ ಕ್ರಮದಲ್ಲಿ ಇಟ್ಟರೆ ಪ್ರತಿ ಎಂಟನೆಯ ಧಾತು ಮೊದಲನೆಯದರ ಗುಣವನ್ನೇ ತೋರುತ್ತದೆ ಎಂದು ಕಂಡುಕೊಂಡ ಆತ ಅದನ್ನು ಅಷ್ಟಕಗಳ ನಿಯಮ ಎಂದು ಕರೆದ. 1866ರಲ್ಲಿ ಕೆಮಿಕಲ್ ಸೊಸೈಟಿಯ ಮುಂದಿಟ್ಟಾಗ, ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ನೋಡಿದ್ದೀರಾ ಎಂದು ಸಭಿಕರೊಬ್ಬರು ಕೇಳಿದರು. ಆ ಮಾತು ಅನ್ಯಾಯದ್ದೇ. 1887ರಲ್ಲಿ ರಾಯಲ್ ಸೊಸೈಟಿ ಆತನಿಗೆ ಡೇವಿ ಪದಕ ಕೊಟ್ಟು ಗೌರವಿಸಿತು. ಆದರೆ ಕೋಷ್ಟಕದ ದೋಷ ನಿಜವಾದದ್ದು. ಅದರಲ್ಲಿ ಖಾಲಿ ಜಾಗವೇ ಇರಲಿಲ್ಲ. ಎಂಟರ ಲೆಕ್ಕ ತಪ್ಪಬಾರದೆಂದು ಕೋಬಾಲ್ಟ್ ಮತ್ತು ನಿಕಲ್‌ಗಳನ್ನು ಒಂದೇ ಮನೆಯಲ್ಲಿ ಕೂರಿಸಿ, ಅವನ್ನು ಕ್ಲೋರಿನ್ ಗುಂಪಿಗೆ ಸೇರಿಸಬೇಕಾಯಿತು; ಕಬ್ಬಿಣ ಹೋಗಿ ಆಕ್ಸಿಜನ್, ಗಂಧಕಗಳ ಸಾಲಿಗೆ ಬಿತ್ತು. ನಾಳೆ ಹೊಸ ಧಾತು ಸಿಕ್ಕರೆ ಇಡೀ ಜೋಡಣೆಯೇ ಸ್ಥಳ ಪಲ್ಲಟವಾಗಬೇಕಿತ್ತು.

ಮೆಂಡಲೀವ್ ಈ ಸಮಸ್ಯೆಗೆ ಬಂದದ್ದು ಪಠ್ಯಪುಸ್ತಕದ ದಾರಿಯಿಂದ. ಸೇಂಟ್ ಪೀಟರ್ಸ್‌ಬರ್ಗಿನ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದ ಪುಸ್ತಕದ ಮೊದಲ ಭಾಗದಲ್ಲಿ ಕೆಲವೇ ಧಾತುಗಳು ಮುಗಿದಿದ್ದವು. ಉಳಿದವನ್ನೆಲ್ಲ ಎರಡನೆಯ ಭಾಗದಲ್ಲಿ ಯಾವ ಕ್ರಮದಲ್ಲಿ ಹೇಳುವುದೆಂಬ ಪ್ರಶ್ನೆ ಎದುರಾಯಿತು. ರಷ್ಯಾದ ಹಳೆಯ ಪಂಚಾಂಗದಂತೆ 1869ರ ಫೆಬ್ರುವರಿ 17ರಂದು ಸಿದ್ಧವಾದ ಕೋಷ್ಟಕದಲ್ಲಿ ಅಂದು ತಿಳಿದಿದ್ದ 63 ಧಾತುಗಳಿದ್ದವು. ಜತೆಗೆ 45, 68, 70, 180 ಎಂಬ ತೂಕಗಳ ಎದುರು ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳಿದ್ದವು. ಗುಣ ಹೊಂದದಿದ್ದರೆ ಆತ ಧಾತುವನ್ನು ಬಲವಂತವಾಗಿ ತುರುಕಲಿಲ್ಲ, ಮನೆಯನ್ನು ಖಾಲಿ ಬಿಟ್ಟ. 1871ರಲ್ಲಿ ಇನ್ನೂ ಮುಂದೆ ಹೋಗಿ, ಮೂರು ಖಾಲಿ ಮನೆಗಳಿಗೆ ಏಕ-ಬೋರಾನ್, ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್ ಎಂದು ಸಂಸ್ಕೃತದ ಸಂಖ್ಯಾಪದ ಸೇರಿಸಿ ಹೆಸರಿಟ್ಟು, ಅಲ್ಲಿ ಸಿಗಬೇಕಾದ ವಸ್ತುಗಳ ತೂಕ, ಸಾಂದ್ರತೆ, ಆಕ್ಸೈಡಿನ ಸ್ವಭಾವಗಳನ್ನೂ ಬರೆದ.

ಉತ್ತರ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. 1875ರಲ್ಲಿ ಫ್ರಾನ್ಸಿನ ಲಕೋಕ್ ದ ಬ್ವಾಬೊದ್ರಾನ್ ಗ್ಯಾಲಿಯಂ ಕಂಡುಹಿಡಿದು ಅದರ ಸಾಂದ್ರತೆ 4.7 ಎಂದು ಪ್ರಕಟಿಸಿದ. ಆ ಲೋಹವನ್ನು ಕಣ್ಣಿನಿಂದಲೂ ಕಾಣದ ಮೆಂಡಲೀವ್, ಅದು 5.9ರ ಆಸುಪಾಸಿನಲ್ಲಿರಬೇಕು ಎಂದು ತಿಳಿಸಿದ. ಲೋಹವನ್ನು ಶುದ್ಧಗೊಳಿಸಿ ಮತ್ತೆ ಅಳೆದಾಗ ಬಂದದ್ದು 5.9. 1879ರಲ್ಲಿ ಸ್ವೀಡನ್ನಿನ ನಿಲ್ಸನ್‌ಗೆ ಸ್ಕ್ಯಾಂಡಿಯಂ ದೊರೆಯಿತು. 1886ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ವಿಂಕ್ಲರ್ ಪಡೆದ ಜರ್ಮೇನಿಯಂ ಮಾತ್ರ ಸಂಶಯವಾದಿಗಳಿಗೂ ಜಾಗ ಬಿಡಲಿಲ್ಲ: ಹೇಳಿದ ತೂಕ 72, ಸಿಕ್ಕಿದ್ದು 72.3, ಆಕ್ಸೈಡಿನ ಸಾಂದ್ರತೆ 4.7 ಎಂದಿದ್ದ, ಅಷ್ಟೇ ಬಂತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಲೋಥರ್ ಮೇಯರ್ ಕೂಡ 1864ರ ತನ್ನ ಪುಸ್ತಕದಲ್ಲಿ ಸಿಲಿಕಾನ್ ಕೆಳಗೆ ಜಾಗ ಬಿಟ್ಟಿದ್ದ. 1870ರಲ್ಲಿ ಪರಮಾಣು ಗಾತ್ರಗಳು ಅಲೆಯಂತೆ ಏರಿಳಿಯುವುದನ್ನು ರೇಖಾಚಿತ್ರದಲ್ಲಿ ತೋರಿಸಿದ. 1882ರಲ್ಲಿ ರಾಯಲ್ ಸೊಸೈಟಿ ಡೇವಿ ಪದಕವನ್ನು ಇಬ್ಬರಿಗೂ ಹಂಚಿತು. ಹಾಗಿದ್ದ ಮೇಲೆ ಮೆಂಡಲೀವನೊಬ್ಬನನ್ನೇ ಹೊಗಳುವುದೇಕೆ? ಆವರ್ತನೆಯನ್ನು ಕಂಡವರಲ್ಲಿ ಮೇಯರ್ ಸಮಪಾಲುದಾರ ಎಂಬುದನ್ನು ಒಪ್ಪಲೇಬೇಕು. ಆದರೆ ಜಾಗ ಬಿಡುವುದಕ್ಕೂ, ಆ ಜಾಗದ ಬಗ್ಗೆ ಮಾತು ಕೊಡುವುದಕ್ಕೂ ಅಂತರವಿದೆ. ಇರುವ ತಿಳಿವಳಿಕೆಯನ್ನು ಒಪ್ಪವಾಗಿ ಜೋಡಿಸಿದರೆ ಅದು ವರ್ಗೀಕರಣ. ಇನ್ನೂ ಯಾರೂ ಅಳೆಯದ ಸಂಖ್ಯೆಯನ್ನು ಬರೆದು, ತಪ್ಪಾದರೆ ಎಲ್ಲರೆದುರು ತಪ್ಪೆಂದು ತೀರ್ಮಾನವಾಗುವ ಹಾಗೆ ನಿಂತರೆ ಅದು ನಿಯಮ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಮೆಂಡಲೀವನ ಊಹೆಗಳೆಲ್ಲ ಫಲಿಸಲಿಲ್ಲ. ಹೈಡ್ರೋಜನ್ನಿಗಿಂತ ಹಗುರವಾದ ಧಾತುಗಳಿವೆ ಎಂದು ಆತ ನಂಬಿದ್ದ, ಅವು ಸಿಗಲೇ ಇಲ್ಲ. ಕೋಷ್ಟಕಕ್ಕೆ ಒಗ್ಗದ ಅಳತೆಗಳನ್ನು ತಿದ್ದಿದ್ದೂ ಉಂಟು. ಯುರೇನಿಯಂನ 120ನ್ನು 240 ಮಾಡಿದ, ಬೆರಿಲಿಯಂನ 14ನ್ನು 9ಕ್ಕೆ ಇಳಿಸಿದ, ಅವೆರಡೂ ಸರಿಯಾದವು. ಟೆಲ್ಯುರಿಯಂ ವಿಷಯದಲ್ಲಿ ಮಾತ್ರ ಎಡವಿದ. ಅದರ ತೂಕ ಅಯೋಡಿನ್‌ಗಿಂತ ಹೆಚ್ಚು, ಗುಣ ನೋಡಿದರೆ ಅಯೋಡಿನ್‌ಗಿಂತ ಮೊದಲು ಬರಬೇಕು. ಅಳತೆಯೇ ತಪ್ಪಿರಬೇಕೆಂದ, ಅಳತೆ ತಪ್ಪಿರಲಿಲ್ಲ. ನನ್ನ ಉತ್ತರ ಇಷ್ಟೇ: ಈ ಸೋಲೂ ಕೋಷ್ಟಕಕ್ಕೆ ಲಾಭವೇ ಆಯಿತು. ಸ್ಪಷ್ಟವಾಗಿ ಹೇಳಿದ ಮಾತು ಮಾತ್ರ ಸ್ಪಷ್ಟವಾಗಿ ಸೋಲಬಲ್ಲದು, ಸೋತ ಜಾಗದಲ್ಲಿ ಹೊಸ ಹುಡುಕಾಟ ಮೊದಲಾಗುತ್ತದೆ. 1913ರಲ್ಲಿ ಇಂಗ್ಲೆಂಡಿನ ಯುವಕ ಹೆನ್ರಿ ಮೋಸ್ಲೆ ಧಾತುಗಳು ಹೊಮ್ಮಿಸುವ ಎಕ್ಸ್-ಕಿರಣಗಳನ್ನು ಅಳೆದು, ಕ್ರಮದ ಆಧಾರ ತೂಕವಲ್ಲ, ನ್ಯೂಕ್ಲಿಯಸ್ಸಿನ ವಿದ್ಯುದಂಶ ಎಂದು ತೋರಿಸಿದ. ಟೆಲ್ಯುರಿಯಂ 52, ಅಯೋಡಿನ್ 53. ಮೆಂಡಲೀವ್ ಇಟ್ಟ ಜಾಗ ಸರಿ, ಕೊಟ್ಟ ಕಾರಣ ತಪ್ಪು. ಈಗ ಖಾಲಿ ಮನೆಗಳಿಗೂ ನಿಖರವಾದ ಸಂಖ್ಯೆ ಸಿಕ್ಕಿತು. 72ನೆಯ ಮನೆಗೆ 1923ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹಾಫ್ನಿಯಂ ಬಂತು, 43ನೆಯದಕ್ಕೆ 1937ರಲ್ಲಿ ಟೆಕ್ನೀಶಿಯಂ. ಅದನ್ನು ನೋಡಲು ಮೋಸ್ಲೆ ಇರಲಿಲ್ಲ. 1915ರಲ್ಲಿ, 27ನೆಯ ವಯಸ್ಸಿನಲ್ಲಿ, ಗಲಿಪೊಲಿಯ ಯುದ್ಧದಲ್ಲಿ ಆತ ಹತನಾಗಿದ್ದ.

ಯಾರೂ ಊಹಿಸದ ಅತಿಥಿಗಳೂ ಬಂದರು. 1894ರಲ್ಲಿ ಆರ್ಗಾನ್, ಮುಂದಿನ ನಾಲ್ಕು ವರ್ಷಗಳಲ್ಲಿ ಹೀಲಿಯಂ, ನಿಯಾನ್, ಕ್ರಿಪ್ಟಾನ್, ಜೆನಾನ್ ಸಿಕ್ಕಾಗ ಅವಕ್ಕೆಂದು ಒಂದು ಮನೆಯೂ ಇರಲಿಲ್ಲ. ಇಡೀ ಗುಂಪನ್ನೇ ಹೊಸದಾಗಿ ಸೇರಿಸಬೇಕಾಯಿತು. ಸೇರಿಸಿದಾಗ ಹಳೆಯ ಗುಂಪು ಒಂದೂ ಒಡೆಯಲಿಲ್ಲ. 1940ರ ದಶಕದಲ್ಲಿ ಅಮೆರಿಕದ ಸೀಬೋರ್ಗ್, ಟಂಗ್‌ಸ್ಟನ್ ಕೆಳಗೆ ಕುಳಿತಿದ್ದ ಯುರೇನಿಯಂ ಮತ್ತು ಅದರ ನೆರೆಯವನ್ನು ಎತ್ತಿ ಆಕ್ಟಿನೈಡ್‌ಗಳೆಂಬ ಬೇರೆ ಸಾಲು ಮಾಡಿದಾಗಲೂ ಹೀಗೆಯೇ ಆಯಿತು.

ಈ ಚರಿತ್ರೆ ನಮ್ಮ ಶಾಲೆಗಳಿಗೆ ಇಂದು ಬೇಕು. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ 2023ರಲ್ಲಿ ಆವರ್ತ ವರ್ಗೀಕರಣದ ಅಧ್ಯಾಯವನ್ನು ತೆಗೆಯಲಾಯಿತು. ಹನ್ನೊಂದನೆಯ ತರಗತಿಯಲ್ಲಿ ಅದು ವಿವರವಾಗಿದೆಯಲ್ಲ ಎಂಬ ಸಮಾಧಾನ, ಮುಂದೆ ವಿಜ್ಞಾನ ಓದುವವರಿಗೆ ಮಾತ್ರ ಅನ್ವಯಿಸುತ್ತದೆ. ಕಲೆ, ವಾಣಿಜ್ಯದ ಕಡೆ ಹೋಗುವ ಮಕ್ಕಳಿಗೂ 118 ಹೆಸರುಗಳ ಬಾಯಿಪಾಠ ಬೇಕಿಲ್ಲ ನಿಜ. ಆದರೆ ಒಂದು ತಿಳಿವಳಿಕೆ ಹೇಗೆ ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡು ಗಟ್ಟಿಯಾಗುತ್ತದೆ ಎಂಬುದನ್ನು ಇಷ್ಟು ಸರಳವಾಗಿ, ಇಷ್ಟು ಸ್ಪಷ್ಟ ಸಾಕ್ಷ್ಯದೊಂದಿಗೆ ತೋರಿಸುವ ಪಾಠ ಶಾಲೆಯಲ್ಲಿ ಮತ್ತೊಂದಿಲ್ಲ. ಖಚಿತವಾಗಿ ಮಾತಾಡುವವರೆಲ್ಲರನ್ನೂ ನಂಬುವ ಈ ಕಾಲದಲ್ಲಿ, ಯಾವ ಮಾತನ್ನು ಯಾವುದರಿಂದ ಪರೀಕ್ಷಿಸಬಹುದು ಎಂದು ಕೇಳುವ ಅಭ್ಯಾಸ ಪ್ರತಿಯೊಬ್ಬ ನಾಗರಿಕನಿಗೂ ಬೇಕು. ಅದಕ್ಕಾಗಿಯಾದರೂ ಆ ಪಾಠ ಹತ್ತನೆಯ ತರಗತಿಗೆ ಮರಳಬೇಕು.