ವಿಶಾಖಪಟ್ಟಣದಲ್ಲೊಂದು ಫ್ಲ್ಯಾಟು, ತೆಲುಗಿನಲ್ಲೊಂದು ಪತ್ರ

ಬೆಂಗಳೂರಿನಲ್ಲಿ ಮನೆ ಕೊಳ್ಳುವವರಿಗೆ ಎ ಖಾತೆ, ಬಿ ಖಾತೆಯ ತಲೆನೋವು ಗೊತ್ತೇ ಇರುತ್ತದೆ. ಆಂಧ್ರದಲ್ಲಿ ಅಂಥದ್ದೇ ಇನ್ನೊಂದು ತಲೆನೋವಿಗೆ ‘22ಎ’ ಎಂದು ಹೆಸರು. ಅದನ್ನು ಕಲಿಯಲು ನನಗೆ 50 ಸಾವಿರ ರೂಪಾಯಿ ಖರ್ಚಾಯಿತು.

ನಾನು ದಾವಣಗೆರೆಯವನು, ಔಷಧ ಕಂಪನಿಯೊಂದರ ಮಾರಾಟ ವಿಭಾಗದಲ್ಲಿದ್ದೇನೆ. ಮೊದಲು ವಿಜಯವಾಡದಲ್ಲಿದ್ದೆ. ಮೊಘಲ್‌ರಾಜಪುರಂನಲ್ಲಿ ಬಾಡಿಗೆ ರೂಮು, ಹೆಂಡತಿ–ಮಗಳು ಊರಲ್ಲಿ. ಅಲ್ಲಿನ ಬೇಸಿಗೆ ಕಳೆದವರಿಗೆ ಆ ಊರನ್ನು ‘ಬ್ಲೇಜ್‌ವಾಡ’ ಎಂದು ಯಾಕೆ ತಮಾಷೆ ಮಾಡುತ್ತಾರೆ ಅಂತ ಹೇಳಬೇಕಿಲ್ಲ. ಅಂಥ ಒಂದು ಬೇಸಿಗೆಯಲ್ಲೇ ಸಿಂಗ್ ನಗರದಲ್ಲಿ ಒಂದು ಫ್ಲ್ಯಾಟ್ ನೋಡಿದೆ. ರೇಟು ಕಡಿಮೆ, ಗಾಳಿ–ಬೆಳಕು ಚೆನ್ನಾಗಿತ್ತು. ಸಹೋದ್ಯೋಗಿಯೊಬ್ಬರು ಮಾತ್ರ, ‘ವಾನಾಕಾಲಂಲೋ ಒಕಸಾರಿ ಚೂಡಂಡಿ ಸಾರ್’ ಅಂದರು. ಮಳೆಗಾಲದಲ್ಲಿ ಒಮ್ಮೆ ನೋಡಿ ಎಂದರ್ಥ. ಹತ್ತಿರದ ಬುಡಮೇರು ಆಗ ಚರಂಡಿಯ ಹಾಗೆ ಕಾಣುತ್ತಿತ್ತು. ಆದರೂ ಅವರ ಮಾತಿಗೆ ಸುಮ್ಮನಾದೆ. 2024ರ ಸೆಪ್ಟೆಂಬರ್ 1, ಭಾನುವಾರ, ಅದೇ ಬುಡಮೇರು ಸಿಂಗ್ ನಗರಕ್ಕೆ ನುಗ್ಗಿತು. ನಾನು ನೋಡಿದ್ದ ಕಟ್ಟಡದ ಪಾರ್ಕಿಂಗ್ ಪೂರ್ತಿ ಮುಳುಗಿತ್ತು. ಜನರಿಗೆ ದೋಣಿಯಲ್ಲಿ, ಡ್ರೋನ್‌ನಲ್ಲಿ ಊಟ ಹೋಗುತ್ತಿತ್ತು. ಆ ಸಹೋದ್ಯೋಗಿಗೆ ಫೋನ್ ಮಾಡಿದರೆ ಅವರೇ ಮೊದಲ ಮಹಡಿಯಲ್ಲಿ ಸಿಕ್ಕಿಕೊಂಡಿದ್ದರು.

ಆ ವರ್ಷದ ಕೊನೆಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಈ ಸಲ ಅವಸರವಿತ್ತು. ಇಲ್ಲಿನ ವೃತ್ತಿಪರ ಕಾಲೇಜುಗಳಲ್ಲಿ ಮಗಳು ‘ಲೋಕಲ್’ ಅನ್ನಿಸಿಕೊಳ್ಳಬೇಕಾದರೆ, ಇಂಟರ್ ಮುಗಿಸುವ ವರ್ಷವೂ ಸೇರಿ ಸತತ ನಾಲ್ಕು ವರ್ಷ ಇಲ್ಲೇ ಓದಿರಬೇಕು. ಇಂಟರ್ ಅಂದರೆ ನಮ್ಮ ಪಿಯುಸಿ. ಎಂಟನೇ ಕ್ಲಾಸಿನಲ್ಲಿದ್ದಳು. ಒಂಬತ್ತಕ್ಕೆ ಇಲ್ಲಿಗೆ ಬಂದರೆ ಲೆಕ್ಕ ಸರಿಯಾಗಿ ನಾಲ್ಕು. ಒಂದು ವರ್ಷ ತಡವಾದರೂ ಕೆಟ್ಟಿತು. ಜೂನ್ ಒಳಗೆ ಮನೆ ಆಗಲೇಬೇಕು ಅಂತ ಹಟಕ್ಕೆ ಬಿದ್ದೆ.

ಮನೆ ನೋಡಲು ಹೊರಟರೆ ಮೊದಲು ಅಳತೆಯೇ ಬೇರೆ. ನಮ್ಮಲ್ಲಿ ‘ಎಷ್ಟು ಚದರ?’, ‘ಮೂವತ್ತು–ನಲವತ್ತಾ?’ ಎಂದು ಕೇಳುತ್ತೇವೆ. ಇಲ್ಲಿ ಜಾಗವೆಲ್ಲ ಗಜದಲ್ಲಿ. ಗಜಕ್ಕೆ 9 ಚದರ ಅಡಿ, ಸೆಂಟಿಗೆ 48.4 ಗಜ. ನಮ್ಮ ಮೂವತ್ತು–ನಲವತ್ತರ ಸೈಟು ಇಲ್ಲಿ 133 ಗಜವಾಗುತ್ತದೆ. ಫ್ಲ್ಯಾಟ್ ಜೊತೆ ಬರುವ ನೆಲದ ಪಾಲನ್ನೂ ಗಜದಲ್ಲೇ ಬರೆಯುತ್ತಾರೆ. ಪಹಣಿಗೆ ಅಡಂಗಲ್ ಅನ್ನುತ್ತಾರೆ.

ವೇಪಗುಂಟದ ಕಡೆ ಒಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಸಿಕ್ಕಿತು. ಕಿಟಕಿಯಲ್ಲಿ ಸಿಂಹಾಚಲಂ ಬೆಟ್ಟ ಕಾಣುತ್ತಿತ್ತು, ರೇಟು ಬೇರೆ ಕಡೆಗಿಂತ 12 ಲಕ್ಷ ಕಡಿಮೆ. ಆನ್‌ಲೈನ್‌ನಲ್ಲಿ ಇಸಿ ತೆಗೆದೆ. ಏನೂ ಇಲ್ಲ, ಖಾಲಿ. ಖುಷಿಯಾಯಿತು. ಮಾರುವವನು, ‘ಸದ್ಯಕ್ಕೆ ನೋಟರಿ ಅಗ್ರಿಮೆಂಟ್ ಮಾಡಿಕೊಳ್ಳೋಣ ಸಾರ್, ಇಲ್ಲಿ ಎಲ್ಲರೂ ಹಾಗೇ’ ಅಂದ. ಕಾಗದ ತೆಲುಗಿನಲ್ಲಿತ್ತು. ತೆಲುಗು ಲಿಪಿ ನಮ್ಮದರ ಅಣ್ಣ–ತಮ್ಮನಲ್ಲವೇ? ತಲೆಕಟ್ಟು ಬೇರೆ, ಅಷ್ಟೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಓದಲು ಬಂತಲ್ಲ ಎಂಬ ಜಂಬದಲ್ಲೇ 50 ಸಾವಿರ ಮುಂಗಡ ಕೊಟ್ಟುಬಿಟ್ಟೆ.

ಆಮೇಲೆ ಹೆಂಡತಿ ಬೈದಳೆಂದು ವಯಸ್ಸಾದ ಒಬ್ಬ ವಕೀಲರ ಹತ್ತಿರ ಹೋದೆ. ಅವರು ಒಂದು ಸಾಲಿನ ಕೆಳಗೆ ಪೆನ್ನು ಎಳೆದು, ‘ಇದನ್ನು ಓದು ಬಾಬು’ ಅಂದರು. ಓದಿದೆ. ‘ಸ್ವಾಧೀನ’, ‘ಅನುಭವ’ ಎಂಬ ಪದಗಳಿದ್ದವು. ಮನೆ ಅವನ ಸ್ವಾಧೀನದಲ್ಲಿದೆ, ಅವನು ಅನುಭವಿಸುತ್ತಿದ್ದಾನೆ ಎಂದು ಕಾಗದ ಹೇಳುತ್ತಿತ್ತು. ನೆಲದ ಹಕ್ಕು ಅವನಿಗೆ ಎಲ್ಲಿಂದ ಬಂತು ಎಂದು ಎಲ್ಲೂ ಹೇಳಿರಲಿಲ್ಲ. ಅವು ತೆಲುಗು ಪದಗಳೂ ಅಲ್ಲ, ನಮ್ಮೂರಿನ ಪತ್ರಗಳಲ್ಲೂ ಇರುವ ಪದಗಳೇ. ಕನ್ನಡದ ಕಾಗದವಾಗಿದ್ದರೆ ನಾನು ಅಲ್ಲೇ ನಿಲ್ಲುತ್ತಿದ್ದೆನೇನೋ.

ಖಾಲಿ ಇಸಿಗೂ ಕಾರಣ ಅವರೇ ಹೇಳಿದರು. ಇಸಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ಆ ಸರ್ವೆ ನಂಬರಿನಲ್ಲಿ ನೋಂದಣಿಯೇ ಆಗುತ್ತಿರಲಿಲ್ಲ. ನೋಂದಣಿ ಕಾಯ್ದೆಗೆ ಆಂಧ್ರ ಸೇರಿಸಿಕೊಂಡಿರುವ 22ಎ ಸೆಕ್ಷನ್ ಪ್ರಕಾರ ಸರ್ಕಾರಿ ಜಮೀನು, ಬಡವರಿಗೆ ಹಂಚಿದ ಜಮೀನು, ದೇವಸ್ಥಾನ ಮತ್ತು ವಕ್ಫ್ ಜಮೀನುಗಳ ಪಟ್ಟಿಯೊಂದು ಇರುತ್ತದೆ. ಅದರಲ್ಲಿದ್ದರೆ ಉಪನೋಂದಣಾಧಿಕಾರಿ ಪತ್ರ ಮುಟ್ಟುವುದಿಲ್ಲ, ಬ್ಯಾಂಕ್ ಸಾಲ ಕೊಡುವುದಿಲ್ಲ. ವೇಪಗುಂಟ, ಅಡವಿವರಂ ಸೇರಿ ಸಿಂಹಾಚಲಂ ಸುತ್ತಲಿನ ಐದು ಹಳ್ಳಿಗಳ ಭೂಮಿ ವಿವಾದ ‘ಪಂಚಗ್ರಾಮಾಲು’ ಎಂದು ಇಲ್ಲಿ ಮನೆಮಾತು. ದಶಕಗಳಿಂದ ಮನೆ ಕಟ್ಟಿಕೊಂಡು ಬದುಕುತ್ತಿರುವವರು ಅಲ್ಲಿದ್ದಾರೆ. ಅವರ ಸಂಕಟದ ಮುಂದೆ ನನ್ನದು ಏನೂ ಅಲ್ಲ. ಮುಂಗಡ ಮಾತ್ರ ವಾಪಸ್ ಬರಲಿಲ್ಲ.

ಕೊನೆಗೆ ಮಧುರವಾಡದಲ್ಲಿ ಎಂಟು ವರ್ಷ ಹಳೆಯ ಫ್ಲ್ಯಾಟ್, 58 ಲಕ್ಷಕ್ಕೆ. ಮೊದಲು 22ಎ ಪಟ್ಟಿ, ಆಮೇಲೆ ಇಸಿ, ಆಮೇಲೆ ಪಾಲಿಕೆಯ ನಕ್ಷೆ, ಈ ಕ್ರಮದಲ್ಲೇ ನೋಡಿದೆವು. ಖರ್ಚಿನ ಅಂದಾಜು ಬೇಕಾದವರಿಗೆ ಹೇಳುತ್ತೇನೆ: ಮುದ್ರಾಂಕ ಶುಲ್ಕ ಶೇ 5, ವರ್ಗಾವಣೆ ಶುಲ್ಕ ಶೇ 1.5, ನೋಂದಣಿ ಶೇ 1. ಒಟ್ಟು 4.35 ಲಕ್ಷ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ಟಿಡಿಎಸ್ ಹಿಡಿದು ಕಟ್ಟುವುದು ಕೊಳ್ಳುವವನ ಜವಾಬ್ದಾರಿ. ಇದನ್ನು ಮರೆಯುವವರೇ ಹೆಚ್ಚು.

ನೋಂದಣಿಯ ದಿನ ವಕೀಲರು ಪತ್ರವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಅನುಮಾನ ಬಂದಲ್ಲೆಲ್ಲ ನಿಲ್ಲಿಸಿ ಕೇಳಿದೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಗೊಣಗಲಿ ಅಂದುಕೊಂಡೆ. ಆಮೇಲೆ ಕನ್ನಡದಲ್ಲಿ ಸಹಿ ಹಾಕಿದೆ. ಗುಮಾಸ್ತ ಅದನ್ನು ಓದಿ, ‘ಪರವಾಲೇದು, ತೆಲುಗು ನೇರ್ಚುಕುನ್ನಾರೇ’ ಅಂದ. ಪರವಾಗಿಲ್ಲ, ತೆಲುಗು ಕಲಿತಿದ್ದೀರಲ್ಲ ಅಂತ.

ಮಗಳು ಜೂನ್‌ನಲ್ಲಿ ಒಂಬತ್ತಕ್ಕೆ ಸೇರಿದಳು. ಕೆಎ–17 ನಂಬರಿನ ಕಾರು ಇನ್ನೂ ಕೆಳಗೆ ನಿಂತಿದೆ. ಅದಕ್ಕೆ ದಾವಣಗೆರೆ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಹಬ್ಬಕ್ಕೆ ಊರಿಗೆ ಹೋದಾಗ ನೋಡೋಣ.