ಸಮಾಂತರ ರೇಖೆಯೂ ಸಂತೆಯ ಲೆಕ್ಕವೂ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬೀಜಗಣಿತಕ್ಕೇನು ಕೆಲಸವೆಂದು ಮಿತ್ರರು ಹುಬ್ಬೇರಿಸಬಹುದು. ಆದರೆ ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಎಳೆಯುವ ರೇಖೆಗಳಿಗೆಲ್ಲ ಬೀಜಗಣಿತವೇ ತವರು. ಒಂದು ಸರಳರೇಖೆಗೆ ಸಮಾಂತರವಾದ ಮತ್ತೊಂದರ ಸಮೀಕರಣವನ್ನು ಕಂಡುಹಿಡಿಯುವ ಬಗೆ ತಿಳಿದರೆ, ಕೂಲಿ ಹೆಚ್ಚುವುದಕ್ಕೂ ಬೆಲೆ ಏರುವುದಕ್ಕೂ ಇರುವ ಭೇದ ಕಣ್ಣಿಗೆ ಕಟ್ಟುತ್ತದೆ. ಕೂಲಿಯಿಂದಲೇ ನಡೆಯುವ ಮನೆಯಿಂದ ಬಂದ ನನಗೆ ಇದು ಬರಿಯ ಪರೀಕ್ಷೆಯ ಪ್ರಶ್ನೆಯಲ್ಲ.

ಜೋಳ ಕಿಲೋಗೆ 40 ರೂಪಾಯಿ, ತೊಗರಿಬೇಳೆ 120 ರೂಪಾಯಿ, ಇವೆರಡಕ್ಕೆಂದು ವಾರದ ಸಂತೆಗೆ ತೆಗೆದಿಟ್ಟ ಹಣ 480 ರೂಪಾಯಿ ಎಂದಿಟ್ಟುಕೊಳ್ಳೋಣ. ಕೊಳ್ಳುವ ಜೋಳ ‘ಜ’ ಕಿಲೋ, ಬೇಳೆ ‘ಬ’ ಕಿಲೋ ಆದರೆ 40ಜ + 120ಬ = 480. ಎಲ್ಲವನ್ನೂ 40ರಿಂದ ಭಾಗಿಸಿದರೆ,

ಜ + 3ಬ = 12.

ಅರ್ಥಶಾಸ್ತ್ರದ ಬಜೆಟ್ ರೇಖೆಯೆಂದರೆ ಇದೇ. ಜೋಳವನ್ನು ಅಡ್ಡ ಅಕ್ಷದಲ್ಲೂ ಬೇಳೆಯನ್ನು ಲಂಬ ಅಕ್ಷದಲ್ಲೂ ಗುರುತಿಸಿದರೆ ಇದರ ಇಳಿಜಾರು −1/3. ಮೂರು ಕಿಲೋ ಜೋಳ ಹೆಚ್ಚು ಬೇಕಾದರೆ ಒಂದು ಕಿಲೋ ಬೇಳೆಯನ್ನು ಬಿಡಬೇಕೆಂಬುದೇ ಇದರ ತಾತ್ಪರ್ಯ. 9 ಕಿಲೋ ಜೋಳ ಕೊಂಡರೆ ಬೇಳೆ 1 ಕಿಲೋ ಮಾತ್ರ ಬರುತ್ತದೆ.

ಬೆಲೆಗಳು ಹಾಗೆಯೇ ಇದ್ದು, 9 ಕಿಲೋ ಜೋಳದೊಡನೆ 2 ಕಿಲೋ ಬೇಳೆ ಬೇಕಾಯಿತೆನ್ನಿ. (9, 2) ಎಂಬ ಬಿಂದು ಹಳೆಯ ರೇಖೆಯ ಹೊರಗಿದೆ. ಅದರ ಮೂಲಕ ಸಮಾಂತರ ರೇಖೆಯನ್ನು ಎಳೆಯಬೇಕು. ಸಮಾಂತರ ರೇಖೆಗಳ ಇಳಿಜಾರು ಒಂದೇ. ಇಳಿಜಾರನ್ನು ನಿರ್ಧರಿಸುವುವು ಎಡಗಡೆಯ ಗುಣಕಗಳು; ಅವನ್ನು ಮುಟ್ಟದೆ ಬಲಗಡೆಯ ಸಂಖ್ಯೆಯೊಂದನ್ನೇ ‘ಕ’ ಎಂದು ಬರೆಯೋಣ: ಜ + 3ಬ = ಕ. ಬಿಂದುವಿನ ಬೆಲೆಗಳನ್ನು ಆದೇಶಿಸಿದರೆ ಕ = 9 + 6 = 15. ಆದುದರಿಂದ ಬೇಕಾದ ಸಮೀಕರಣ,

ಜ + 3ಬ = 15.

15ನ್ನು 40ರಿಂದ ಗುಣಿಸಿದರೆ 600. ಅಂದರೆ ಇನ್ನು 120 ರೂಪಾಯಿ ಸಂಪಾದನೆಯಾಗಬೇಕು. ಬೇರೆ ಉತ್ತರ ಸಾಧ್ಯವಿಲ್ಲ. ರೇಖೆಯ ಹೊರಗಿನ ಒಂದು ಬಿಂದುವಿನ ಮೂಲಕ ಅದಕ್ಕೆ ಒಂದೇ ಒಂದು ಸಮಾಂತರ ರೇಖೆಯನ್ನು ಎಳೆಯಬಹುದೆಂಬ ತತ್ತ್ವವನ್ನು ಸ್ಕಾಟ್ಲೆಂಡಿನ ಜಾನ್ ಪ್ಲೇಫೇರ್ 1795ರ ತನ್ನ ರೇಖಾಗಣಿತ ಗ್ರಂಥದಲ್ಲಿ ಮುಂದಿಟ್ಟನು. ಯೂಕ್ಲಿಡನ ಐದನೆಯ ಆಧಾರಪ್ರತಿಜ್ಞೆಗೆ ಸಮನಾದ ಮಾತು ಇದು.

ಇನ್ನು ಕೂಲಿ ಹೆಚ್ಚಿ ಕೈಗೆ 600 ರೂಪಾಯಿ ಬಂದಿತು, ಆದರೆ ಬೇಳೆಯ ಬೆಲೆ 160ಕ್ಕೆ ಏರಿತು ಎನ್ನೋಣ. ಆಗ ಜ + 4ಬ = 15. ಗುಣಕ ಬದಲಾಯಿತು, ಇಳಿಜಾರು −1/4 ಆಯಿತು, ರೇಖೆ ಸಮಾಂತರವಾಗಿ ಉಳಿಯಲಿಲ್ಲ. 9 ಕಿಲೋ ಜೋಳದೊಡನೆ ಈಗ ದೊರೆಯುವುದು ಒಂದೂವರೆ ಕಿಲೋ ಬೇಳೆ. ಇಷ್ಟೇ ಅಲ್ಲ, ಈ ರೇಖೆ ಹಳೆಯದನ್ನು (3, 3)ರಲ್ಲಿ ಸಂಧಿಸುತ್ತದೆ. ಮೂರು ಕಿಲೋ ಜೋಳ, ಮೂರು ಕಿಲೋ ಬೇಳೆ ಕೊಳ್ಳುವ ಮನೆಗೆ ಹೆಚ್ಚಿದ ಕೂಲಿಯಿಂದ ಬಂದ ಲಾಭ ಸೊನ್ನೆ!

ನನ್ನ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಎಷ್ಟು ಜೋಳ ಬಿಟ್ಟರೆ ಎಷ್ಟು ಬೇಳೆ ಬಂದೀತೆಂದು ಸಂತೆಯಲ್ಲಿ ನಿಂತಲ್ಲೇ ಹೇಳಬಲ್ಲಳು. ಸಮೀಕರಣ ಆ ಬಾಯಿಲೆಕ್ಕಕ್ಕೆ ಬರವಣಿಗೆಯ ರೂಪ ಕೊಡುತ್ತದೆ, ಅಷ್ಟೆ. ಕೂಲಿ ಹೆಚ್ಚಿತೆಂಬ ಸುದ್ದಿ ಬಂದಾಗ ಬಲಗಡೆಯ ಸಂಖ್ಯೆಯೊಂದನ್ನೇ ಕಂಡು ಹಿಗ್ಗದೆ, ಎಡಗಡೆಯ ಗುಣಕಗಳು ಇದ್ದಂತೆಯೇ ಇವೆಯೇ ಎಂದು ಕೇಳುವುದನ್ನು ಪದವೀಧರರಾಗಲಿರುವ ನಾವು ಕಲಿಯಬೇಕು.